ಜಿಲಾಂಗ್‌ನ ಅತಿ ದೊಡ್ಡ ಆಟಗಾರ ಯಾರು: ಅಪ್ಪನೋ, ಮಗನೋ, ಇಲ್ಲಾ ಪಾಲಿ ಫಾರ್ಮರೋ?

ಪ್ರಶ್ನೆ: ನನ್ನ ಮನೆ ಆಸ್ಟ್ರೇಲಿಯಾದ ಮೆಲ್ಬರ್ನ್ ಹೊರವಲಯದ ಟಾರ್ನೀಟ್‌ನಲ್ಲಿ, ಕೆಲಸ ಹತ್ತಿರದ ಜಿಲಾಂಗ್ ಊರಿನಲ್ಲಿ. ಆಫೀಸಿನಲ್ಲಿ ಊಟದ ಹೊತ್ತಿಗೆ ದಿನಾ ಒಂದೇ ಜಗಳ: ಜಿಲಾಂಗ್ ಕ್ಯಾಟ್ಸ್ ಫುಟಿ (ಆಸ್ಟ್ರೇಲಿಯನ್ ಫುಟ್‌ಬಾಲ್) ಕ್ಲಬ್ಬಿನ ಅತಿ ದೊಡ್ಡ ಆಟಗಾರ ಯಾರು? ಒಬ್ಬರು ಗ್ಯಾರಿ ಅಬ್ಲೆಟ್ ಅಂತಾರೆ. ಯಾವ ಗ್ಯಾರಿ, ಅಪ್ಪನೋ ಅದೇ ಹೆಸರಿನ ಮಗನೋ, ಅಂತ ಇನ್ನೊಬ್ಬರು ಕೇಳ್ತಾರೆ. ವಯಸ್ಸಾದವರೊಬ್ಬರು ಪಾಲಿ ಫಾರ್ಮರ್ ಅಂದು ಸುಮ್ಮನಾಗ್ತಾರೆ. ಮೊನ್ನೆ ನನ್ನನ್ನೂ ಕೇಳಿದರು, ನಕ್ಕು ತಪ್ಪಿಸಿಕೊಂಡೆ. ಈ ವಾದಕ್ಕೆ ಇಳಿಯಬೇಕಾದರೆ ಏನೇನು ಗೊತ್ತಿರಬೇಕು? ನಿಮ್ಮ ಆಯ್ಕೆ ಯಾರು?

ಉತ್ತರ: ನಕ್ಕು ತಪ್ಪಿಸಿಕೊಂಡಿದ್ದು ಒಳ್ಳೆಯದೇ ಆಯ್ತು. ಜಿಲಾಂಗ್ ಒಂದೇ ಕ್ಲಬ್ಬಿನ ಊರು. ಕ್ಲಬ್ ಹುಟ್ಟಿದ್ದು 1859ರಲ್ಲಿ. ಅಲ್ಲಿಯ ಮನೆಗಳಲ್ಲಿ ಈ ಜಗಳ ಅಜ್ಜನಿಂದ ಮೊಮ್ಮಗನಿಗೆ ಆಸ್ತಿ ಥರ ಬರುತ್ತದೆ.

ಮೊದಲು ಒಂದು ಕಟ್ಟು ಹಾಕಿಕೊಳ್ಳೋಣ. ‘ಜಿಲಾಂಗ್‌ಗೆ ಆಡಿದವರಲ್ಲಿ ಅತಿ ದೊಡ್ಡ ಆಟಗಾರ’ ಅನ್ನುವುದು ಒಂದು ಪ್ರಶ್ನೆ. ‘ಜಿಲಾಂಗ್‌ನ ಅತಿ ದೊಡ್ಡ ಆಟಗಾರ’ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಆಫೀಸಿನವರು ಎರಡನ್ನೂ ಒಂದೇ ಅಂದುಕೊಂಡು ಕಿತ್ತಾಡುತ್ತಿದ್ದಾರೆ, ಅದಕ್ಕೇ ಮುಗಿಯುತ್ತಿಲ್ಲ. ನನ್ನ ಲೆಕ್ಕ ಸರಳ. ಜಿಲಾಂಗ್‌ನ ನೀಲಿ-ಬಿಳಿ ಪಟ್ಟೆಯ ಜಂಪರ್ (ತಂಡದ ಅಂಗಿ) ಹಾಕಿಕೊಂಡು ಮಾಡಿದ್ದು ಮಾತ್ರ ಜಮಾ. ಬೇರೆ ಬಣ್ಣದಲ್ಲಿ ಮಾಡಿದ್ದು ಎಷ್ಟೇ ದೊಡ್ಡದಿರಲಿ, ಅದು ಆ ಕ್ಲಬ್ಬಿನ ಖಾತೆಗೆ ಹೋಗಬೇಕು.

ಈ ಲೆಕ್ಕದಲ್ಲಿ ಮೊದಲು ಪೆಟ್ಟು ತಿನ್ನುವವರು ಪಾಲಿ ಫಾರ್ಮರ್. ಹೇಳುವುದಕ್ಕೆ ನನಗೇ ಸಂಕಟ.

ಗ್ರಹಾಂ ಫಾರ್ಮರ್ ಪಶ್ಚಿಮ ಆಸ್ಟ್ರೇಲಿಯಾದ ನೂಂಗಾರ್ ಮೂಲನಿವಾಸಿ. ಬೆಳೆದದ್ದು ಪರ್ತ್‌ನ ಅನಾಥಾಲಯದಂಥ ಒಂದು ಸಂಸ್ಥೆಯಲ್ಲಿ. ಚಿಕ್ಕವರಿದ್ದಾಗ ಗಿಳಿಯ ಹಾಗೆ ವಟವಟ ಅನ್ನುತ್ತಿದ್ದರಂತೆ, ಹಾಗಾಗಿ ‘ಪಾಲಿ’ ಅನ್ನುವ ಹೆಸರು ಅಂಟಿಕೊಂಡಿತು. ಅವರು ಆಡಿದ್ದು ರಕ್‌ಮನ್ ಜಾಗದಲ್ಲಿ. ಅಂಪೈರ್ ಚೆಂಡು ಮೇಲೆ ಹಾರಿಸಿದಾಗ ಜಿಗಿದು ತಮ್ಮವರ ಕಡೆಗೆ ತಟ್ಟುವ ಎತ್ತರದ ಆಳು. ಈ ಆಟದಲ್ಲಿ ಚೆಂಡನ್ನು ಎಸೆಯುವ ಹಾಗಿಲ್ಲ. ಒಂದೋ ಒದೆಯಬೇಕು, ಇಲ್ಲಾ ಒಂದು ಅಂಗೈ ಮೇಲೆ ಇಟ್ಟುಕೊಂಡು ಇನ್ನೊಂದು ಕೈಯ ಮುಷ್ಟಿಯಿಂದ ಗುದ್ದಬೇಕು. ಅದೇ ಹ್ಯಾಂಡ್‌ಬಾಲ್. ಫಾರ್ಮರ್‌ಗಿಂತ ಮುಂಚೆ ಜಾಸ್ತಿ ಜನ ಹ್ಯಾಂಡ್‌ಬಾಲ್ ಮಾಡುತ್ತಿದ್ದದ್ದು ಬೇರೆ ದಾರಿ ಇಲ್ಲದಾಗ. ಫಾರ್ಮರ್ ಅದರಿಂದಲೇ ದಾಳಿ ಶುರು ಮಾಡುತ್ತಿದ್ದರು. ಗಾಳಿಯಲ್ಲಿ ಇರುವಾಗಲೇ ಚೆಂಡು ಹಿಡಿದು, ಕಾಲು ನೆಲ ಮುಟ್ಟುವ ಮೊದಲೇ ಓಡಿ ಬರುತ್ತಿದ್ದ ಜೊತೆ ಆಟಗಾರ ಬಿಲ್ಲಿ ಗಾಗಿನ್ ಕಡೆಗೆ ಗುದ್ದುತ್ತಿದ್ದರು. ನಿಂತಿರುವ ಕಾರಿನ ಕಿಟಕಿಯ ಗಾಜು ಇಳಿಸಿ, ಆ ಸಂದಿಯಲ್ಲಿ ಚೆಂಡು ತೂರಿಸಿ ಅಭ್ಯಾಸ ಮಾಡುತ್ತಿದ್ದರು ಅನ್ನುವ ಕಥೆ ನಿಮ್ಮ ಆ ಹಿರಿಯರಿಗೆ ಖಂಡಿತ ಗೊತ್ತಿರುತ್ತದೆ. ಕೇಳಿ ನೋಡಿ, ಸುಮ್ಮನಿದ್ದವರು ಬಾಯಿ ಬಿಡುತ್ತಾರೆ.

1962ರಲ್ಲಿ ಜಿಲಾಂಗ್‌ಗೆ ಬಂದರು. ಮೊದಲ ಪಂದ್ಯದಲ್ಲೇ ಮಂಡಿಗೆ ಪೆಟ್ಟು. ಮರುವರ್ಷ ಹಾಥಾರ್ನ್ ತಂಡವನ್ನು ಸೋಲಿಸಿ ಪ್ರೀಮಿಯರ್‌ಶಿಪ್, ಅಂದರೆ ಲೀಗಿನ ಚಾಂಪಿಯನ್ ಪಟ್ಟ. ಅದಾದ ಮೇಲೆ ಜಿಲಾಂಗ್ ಇನ್ನೊಂದು ಗೆಲ್ಲಲು 44 ವರ್ಷ ಕಾಯಬೇಕಾಯಿತು. ಅಂದರೆ ನಿಮ್ಮ ಆ ಹಿರಿಯರ ಪಾಲಿಗೆ ಫಾರ್ಮರ್ ಅನ್ನುವ ಹೆಸರು ಅರ್ಧ ಆಯುಷ್ಯದ ಕಾಯುವಿಕೆಯ ಹೆಸರೂ ಹೌದು.

ಆದರೂ ಜಂಪರ್ ಲೆಕ್ಕ ಬಿಡುವುದಿಲ್ಲವಲ್ಲ. ಜಿಲಾಂಗ್‌ಗೆ ಅವರು ಆಡಿದ್ದು ಬರೀ 101 ಪಂದ್ಯ. ಅದಕ್ಕೂ ಮುಂಚೆ ಈಸ್ಟ್ ಪರ್ತ್‌ಗೆ 176, ಆಮೇಲೆ ವೆಸ್ಟ್ ಪರ್ತ್‌ಗೆ 79. 1996ರಲ್ಲಿ ಎಎಫ್‌ಎಲ್ (ಈ ಆಟದ ಅತಿ ದೊಡ್ಡ ಲೀಗ್) ಶತಮಾನದ ತಂಡ ಆರಿಸಿದಾಗ ರಕ್‌ಮನ್ ಜಾಗ ಅವರಿಗೇ ಸಿಕ್ಕಿತು. ಇಡೀ ಆಟವನ್ನೇ ಬದಲಾಯಿಸಿದವರು. ‘ಜಿಲಾಂಗ್‌ಗೆ ಆಡಿದವರಲ್ಲಿ ಅತಿ ದೊಡ್ಡವರು’ ಅಂತ ಕೇಳಿದರೆ ಕಣ್ಣು ಮುಚ್ಚಿ ಫಾರ್ಮರ್ ಅನ್ನುತ್ತೇನೆ. ಆದರೆ ಅವರನ್ನು ಪರ್ತ್ ಜೊತೆ ಹಂಚಿಕೊಳ್ಳಬೇಕು, ಪರ್ತ್‌ನ ಪಾಲೇ ಜಾಸ್ತಿ. ಅಲ್ಲಿ ಒಂದು ಫ್ರೀವೇಗೇ ಅವರ ಹೆಸರಿದೆ.

ಇನ್ನು ನನ್ನ ಆಯ್ಕೆ. ಅಪ್ಪ ಗ್ಯಾರಿ.

ಒಂದೂ ಪ್ರೀಮಿಯರ್‌ಶಿಪ್ ಗೆಲ್ಲದ ಮನುಷ್ಯ. ಆ ಪಟ್ಟ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ನಾಲ್ಕು ಆಡಿ ನಾಲ್ಕೂ ಸೋತವರು: 1989, 1992, 1994, 1995. ಅವರನ್ನು ಮೊದಲ ಜಾಗದಲ್ಲಿ ಕೂರಿಸುವುದು ಹೇಗೆ ಅಂತ ಆಫೀಸಿನಲ್ಲಿ ಮೇಲೆ ಬೀಳುತ್ತಾರೆ. ಆಗ 1989ರ ಫೈನಲ್ ಹೇಳಿ.

ನಾನು ಅದನ್ನು ನೋಡಿದ್ದು ವಿಡಿಯೋದಲ್ಲಿ. ಎಷ್ಟು ಸಲ ಅಂತ ಮನೆಯವರನ್ನು ಕೇಳಬೇಡಿ. ಹಾಥಾರ್ನ್ ಎದುರಾಳಿ. ಬೌಂಡರಿ ಅಂಪೈರ್ ಬೆನ್ನು ತಿರುಗಿಸಿ ಚೆಂಡನ್ನು ತಲೆ ಮೇಲಿಂದ ಒಳಕ್ಕೆ ಎಸೆಯುತ್ತಾರೆ. ಎರಡೂ ತಂಡದವರು ಅದನ್ನು ತಟ್ಟಲು ಒತ್ತಾಡುವ ಜಾಗ ಅದು. ಅಬ್ಲೆಟ್ ತಟ್ಟುವುದಿಲ್ಲ. ಆ ಗುಂಪಿನ ಮಧ್ಯದಿಂದ ಚೆಂಡನ್ನು ಕಿತ್ತುಕೊಂಡು, ತಿರುಗುತ್ತಲೇ ಕಾಲು ಬೀಸುತ್ತಾರೆ. ಗೋಲು. ಸುತ್ತ ಇದ್ದವರ ಕೈಗಳು ಇನ್ನೂ ಮೇಲೇ ಇವೆ! ಮರದಿಂದ ಮಾವಿನಕಾಯಿ ಕಿತ್ತ ಹಾಗೆ. ಆ ದಿನ ಒಬ್ಬರೇ 9 ಗೋಲು ಹೊಡೆದರು. ಸೋತ ತಂಡದಲ್ಲಿದ್ದೂ ಗ್ರ್ಯಾಂಡ್ ಫೈನಲ್‌ನ ಶ್ರೇಷ್ಠ ಆಟಗಾರನಿಗೆ ಕೊಡುವ ನಾರ್ಮ್ ಸ್ಮಿತ್ ಮೆಡಲ್ ಪಡೆದರು.

ಅಂತಿಮ ಸ್ಕೋರ್ ನೋಡಿ. ಹಾಥಾರ್ನ್ 21.18, ಜಿಲಾಂಗ್ 21.12. ಚುಕ್ಕಿಯ ಮುಂದಿನದು ಗೋಲು, ಹಿಂದಿನದು ‘ಬಿಹೈಂಡ್’, ಅಂದರೆ ಗೋಲು ಕಂಬದ ಪಕ್ಕದ ಸಂದಿಯಲ್ಲಿ ಹೋದದ್ದು. ಗೋಲಿಗೆ 6 ಅಂಕ, ಬಿಹೈಂಡ್‌ಗೆ 1. ಎರಡೂ ತಂಡದ ಗೋಲು ಸಮ! ಸೋತದ್ದು 6 ಅಂಕದಿಂದ, ಅದೂ ಹಾಥಾರ್ನ್ ಗುರಿ ತಪ್ಪಿ ಹೊಡೆದ ಚೆಂಡುಗಳಿಂದ. ಇಂಥ ಸೋಲನ್ನು ಆ 9 ಗೋಲು ಹೊಡೆದವನ ತಲೆಗೆ ಕಟ್ಟುವುದು ಯಾವ ನ್ಯಾಯ ಹೇಳಿ. ಪ್ರೀಮಿಯರ್‌ಶಿಪ್ ತಂಡದ ಆಸ್ತಿ. ಆಟಗಾರನನ್ನು ಅಳೆಯಲು ಅದೊಂದೇ ಕೋಲು ಹಿಡಿದರೆ, ಒಳ್ಳೆಯ ತಂಡದ ಸಾಧಾರಣ ಆಟಗಾರನೂ ಅಬ್ಲೆಟ್‌ಗಿಂತ ಎತ್ತರ ಕಾಣುತ್ತಾನೆ.

ಆ ವರ್ಷ ಋತುವಿನ ಕೊನೆಯ ಹಂತದ (ಫೈನಲ್ಸ್) ನಾಲ್ಕು ಪಂದ್ಯಗಳಲ್ಲಿ ಅವರ ಗೋಲು 27. ಆಮೇಲೆ, ಮೂವತ್ತು ದಾಟಿದ ಮೇಲೆ, 1993ರಲ್ಲಿ 124 ಗೋಲು, 17 ಪಂದ್ಯಗಳಲ್ಲಿ. 1994ರಲ್ಲಿ 129, 1995ರಲ್ಲಿ 122. ಈ ಮೂರು ವರ್ಷಕ್ಕೂ ಮುಂಚೆ, 1991ರಲ್ಲಿ, ಆಟವೇ ಸಾಕು ಅಂತ ನಿವೃತ್ತಿ ಹೇಳಿ ಆ ಋತುವಿನ ಮಧ್ಯದಲ್ಲಿ ವಾಪಸ್ ಬಂದಿದ್ದರು. ಒಟ್ಟು ಜಿಲಾಂಗ್‌ಗೆ 242 ಪಂದ್ಯ, 1021 ಗೋಲು. ಶುರುವಿನಲ್ಲಿ ಹಾಥಾರ್ನ್‌ಗೆ 6 ಪಂದ್ಯ ಆಡಿದ್ದರು, ಅದು ಉಪ್ಪಿನಕಾಯಿಗೂ ಸಾಲದು. ಅಭಿಮಾನಿಗಳು ಅವರನ್ನು ‘ದೇವರು’ ಅಂತಲೇ ಕರೆಯುತ್ತಿದ್ದರು. ದೈವಭಕ್ತರಾದ ಅವರಿಗೆ ಆ ಹೆಸರು ಇಷ್ಟವಿರಲಿಲ್ಲ.

ನನ್ನ ಆಯ್ಕೆಗೆ ಎದುರು ನಿಲ್ಲುವ ಅಂಕಿಯೊಂದು ಇದೆ, ಅದನ್ನೂ ಹೇಳಿಬಿಡುತ್ತೇನೆ. ಜಿಲಾಂಗ್‌ನ ವರ್ಷದ ಶ್ರೇಷ್ಠ ಆಟಗಾರನಿಗೆ ಕ್ಲಬ್ ಕೊಡುವ ಕಾರ್ಜಿ ಗ್ರೀವ್ಸ್ ಮೆಡಲ್ ಅವರಿಗೆ ಸಿಕ್ಕಿದ್ದು ಒಂದೇ ಸಲ, 1984ರಲ್ಲಿ. ವಾರವಾರವೂ ಒಂದೇ ಮಟ್ಟದಲ್ಲಿ ಆಡುವ ಜಾತಿ ಅವರದಲ್ಲ. ಒಂದು ಶನಿವಾರ ಪವಾಡ, ಮುಂದಿನ ಶನಿವಾರ ಮೈದಾನದಲ್ಲಿ ಇದ್ದಾರೋ ಇಲ್ಲವೋ ಅನ್ನುವ ಹಾಗೆ. ಆಟ ಬಿಟ್ಟ ಮೇಲಿನ ಬದುಕಿನಲ್ಲೂ ಕತ್ತಲೆ ಇತ್ತು. ಹಾಲ್ ಆಫ್ ಫೇಮ್ ಬಾಗಿಲು ಅವರಿಗೆ ತೆರೆದದ್ದು 2005ರಲ್ಲಿ, ಬಹಳ ತಡವಾಗಿ, ಅದೇ ಕಾರಣಕ್ಕೆ. ಅವರನ್ನು ಆರಿಸುವಾಗ ನಾನು ಮೈದಾನದ ಒಳಗಿನದನ್ನು ಮಾತ್ರ ನೋಡುತ್ತಿದ್ದೇನೆ, ಇದನ್ನು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಪ್ರಶ್ನೆ: ಮಗ ಜಿಲಾಂಗ್‌ನಲ್ಲಿ ಓದುತ್ತಿದ್ದಾನೆ. ವಿಡಿಯೋ ಕಳಿಸುತ್ತಾನೆ, ನಾನು ಮೈಸೂರಿನಲ್ಲಿ ಕೂತು ನೋಡುತ್ತೇನೆ. ನಿಯಮ ಅರ್ಧ ಅರ್ಥವಾಗುತ್ತದೆ. ಆದರೆ ಆ ಬೋಳುತಲೆಯ ಅಬ್ಲೆಟ್ ಓಡುವುದು ನೋಡಿದರೆ ಖುಷಿಯಾಗುತ್ತದೆ. ಅಪ್ಪನಿಗಿಂತ ಮಗನೇ ಮೇಲು ಅಂತಾನೆ ನನ್ನ ಮಗ. ನಿಜವೇ?

ಉತ್ತರ: ಅಮ್ಮಾ, ನಿಮ್ಮ ಮಗನ ಮಾತಿನಲ್ಲಿ ಬಹಳ ಸತ್ಯ ಇದೆ. ಸಾಧನೆಯ ಪಟ್ಟಿ ಬರೆದರೆ ಮಗನದೇ ಉದ್ದ. ಇಡೀ ಲೀಗಿನ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ರೌನ್‌ಲೋ ಮೆಡಲ್ ಎರಡು ಸಲ, 2009 ಮತ್ತು 2013ರಲ್ಲಿ. ಅಪ್ಪನಿಗೆ ಒಂದೂ ಇಲ್ಲ. ಪ್ರೀಮಿಯರ್‌ಶಿಪ್ ಎರಡು, 2007 ಮತ್ತು 2009. ಲೀಗಿನ ವರ್ಷದ ಶ್ರೇಷ್ಠರನ್ನು ಆರಿಸಿ ಹೆಸರಿಸುವ ಆಲ್-ಆಸ್ಟ್ರೇಲಿಯನ್ ತಂಡದಲ್ಲಿ ಸತತ ಎಂಟು ವರ್ಷ.

ಇಬ್ಬರ ಆಟವೇ ಬೇರೆ. ಅಪ್ಪ ಗೋಲಿನ ಮುಂದೆ ನಿಂತು, ಎದುರಾಳಿಯ ಭುಜದ ಮೇಲೆ ಹತ್ತಿ ಚೆಂಡು ಹಿಡಿಯುವವರು. ಮಗ ಮಿಡ್‌ಫೀಲ್ಡರ್, ನೆಲಕ್ಕೆ ಹತ್ತಿರ. ಮುಂದಿನ ಸಲ ವಿಡಿಯೋ ನೋಡುವಾಗ ಚೆಂಡು ಬಿಟ್ಟು ಅವರ ಕಾಲು ಗಮನಿಸಿ. ಮೂವರು ಮೇಲೆ ಬೀಳುತ್ತಿರುತ್ತಾರೆ. ಎಡಕ್ಕೆ ಒಂದು ಹೆಜ್ಜೆ, ಬಲಕ್ಕೆ ಅರ್ಧ ಹೆಜ್ಜೆ, ಅಷ್ಟೇ. ಸಂತೆಯ ನೂಕುನುಗ್ಗಲಿನಲ್ಲಿ ಹಾಲಿನ ಚೊಂಬು ಹಿಡಿದು ತುಳುಕಿಸದೆ ಹೊರಬಂದ ಹಾಗೆ. ಅಪ್ಪನಿಗೆ ಇದ್ದದ್ದು ಹುಟ್ಟು ಪ್ರತಿಭೆ. ಮಗನಿಗೂ ಇತ್ತು, ಆದರೆ ಅದು ಸಾಲದು, ಇನ್ನೂ ಮೈಬಗ್ಗಿಸಬೇಕು ಅಂತ 2007ರ ಮುಂಚೆ ಜೊತೆ ಆಟಗಾರರೇ ಮುಖಕ್ಕೆ ಹೇಳಿದರು. ಅವರು ಕೇಳಿದರು. ಆಮೇಲಿನ ಗ್ಯಾರಿಯೇ ಬೇರೆ.

ಆದರೆ ಮೇಲೆ ಹೇಳಿದ ಜಂಪರ್ ಲೆಕ್ಕ ಇಲ್ಲೂ ಅಡ್ಡ ಬರುತ್ತದೆ. 2010ರ ಕೊನೆಯಲ್ಲಿ ಅವರು ಹೊಸದಾಗಿ ಹುಟ್ಟುತ್ತಿದ್ದ ಗೋಲ್ಡ್ ಕೋಸ್ಟ್ ತಂಡಕ್ಕೆ ಹೋದರು. ಅಲ್ಲಿ ಏಳು ವರ್ಷ, 110 ಪಂದ್ಯ. ಎರಡನೆಯ ಬ್ರೌನ್‌ಲೋ ಬಂದದ್ದು ಅಲ್ಲೇ. ಅವರು ಹೋದ ಮರುವರ್ಷವೇ, 2011ರಲ್ಲಿ, ಜಿಲಾಂಗ್ ಅವರಿಲ್ಲದೆ ಮತ್ತೆ ಗೆದ್ದಿತು. ಆ ಗೆಲುವು ಈ ವಾದದಲ್ಲಿ ಅವರಿಗೆ ಮಾಡಿದಷ್ಟು ನಷ್ಟ ಬೇರೆ ಯಾವುದೂ ಮಾಡಲಿಲ್ಲ. 2018ರಲ್ಲಿ ವಾಪಸ್ ಬಂದರು, 2020ರ ಗ್ರ್ಯಾಂಡ್ ಫೈನಲ್‌ನಲ್ಲಿ ಶುರುವಿನಲ್ಲೇ ಭುಜಕ್ಕೆ ಪೆಟ್ಟಾಗಿ, ಆ ನೋವಿನಲ್ಲೇ ಕೊನೆಯ ಪಂದ್ಯ ಮುಗಿಸಿದರು.

ಆಟಗಾರನಾಗಿ ಮಗ ಮೇಲು ಅಂದರೆ ನಾನು ಜಗಳ ಆಡುವುದಿಲ್ಲ. ಜಿಲಾಂಗ್‌ನ ಆಟಗಾರನಾಗಿ ಅಂದರೆ ಅಪ್ಪನ ಕಡೆ. ನಿಮ್ಮ ಮಗನಿಗೆ ಹೇಳಿ, ಜೊತೆಗೆ ಹೊತ್ತಿಗೆ ಸರಿಯಾಗಿ ಊಟ ಮಾಡು ಅಂತಲೂ ಹೇಳಿ.

ಪ್ರಶ್ನೆ: ಎಲ್ಲರೂ ಅಬ್ಲೆಟ್ ಅಬ್ಲೆಟ್ ಅಂತಾರೆ. ನಾಲ್ಕು ಪ್ರೀಮಿಯರ್‌ಶಿಪ್ ಗೆದ್ದ ಜೋಯಲ್ ಸೆಲ್‌ವುಡ್ ಯಾಕೆ ನೆನಪಾಗಲ್ಲ? ಹಳೆಯ ಕಾಲದವರೂ ಇದ್ದಾರಲ್ಲ?

ಉತ್ತರ: ನೆನಪಾಗುತ್ತಾರೆ. ನನ್ನ ಪಟ್ಟಿಯಲ್ಲಿ ಎರಡನೆಯ ಜಾಗ ಅವರದೇ, ಕೆಲವು ದಿನ ಮೊದಲನೆಯದೂ ಆಗುತ್ತದೆ. 355 ಪಂದ್ಯ, ಒಂದೇ ಜಂಪರ್. 2007ರಲ್ಲಿ, ಆಡಿದ ಮೊದಲ ವರ್ಷವೇ ಪ್ರೀಮಿಯರ್‌ಶಿಪ್. ಆಮೇಲೆ 2009, 2011, ಕೊನೆಗೆ 2022. ಬೇರೆ ಯಾರೂ ಆಡದಷ್ಟು ಪಂದ್ಯ, 245, ನಾಯಕನಾಗಿಯೇ ಆಡಿದವರು. ಹಣೆ ಒಡೆದು ರಕ್ತ ಇಳಿಯುತ್ತಿದ್ದರೆ ಪಟ್ಟಿ ಸುತ್ತಿಸಿಕೊಂಡು ಮತ್ತೆ ತಲೆ ತಗ್ಗಿಸಿ ಚೆಂಡಿಗೆ ನುಗ್ಗುವುದು ಅವರ ಚಿತ್ರ. ಕ್ಲಬ್ ನಡೆಯಬೇಕಾದರೆ ಇಂಥವರು ಬೇಕು. ಆದರೆ ಸೆಲ್‌ವುಡ್ ಆಡುತ್ತಾರೆ ಅಂತ ಬೇರೆ ಕ್ಲಬ್ಬಿನ ಅಭಿಮಾನಿ ಟಿಕೆಟ್ ಕೊಂಡು ಬಂದದ್ದು ಕಡಿಮೆ. ಅಪ್ಪ ಗ್ಯಾರಿಗೆ ಬರುತ್ತಿದ್ದರು. ನನ್ನ ತಕ್ಕಡಿ ವಾಲುವುದು ಅಲ್ಲೇ.

2022ರ ಗ್ರ್ಯಾಂಡ್ ಫೈನಲ್ ದಿನ, ತಂಡ ಬ್ಯಾನರ್ ಸೀಳಿಕೊಂಡು ಮೈದಾನಕ್ಕೆ ಓಡಿ ಬರುವಾಗ, ಸೆಲ್‌ವುಡ್ ತೋಳಿನಲ್ಲಿ ಒಂದು ಮಗು ಇತ್ತು. ಗ್ಯಾರಿ ಜೂನಿಯರ್ ಅವರ ಮಗ. ಆ ಮಗುವನ್ನು ಗ್ಯಾರಿ ಜೂನಿಯರ್ ಕೈಗೆ ಕೊಟ್ಟು ಆಟಕ್ಕೆ ಹೋದರು, ಸಿಡ್ನಿಯನ್ನು 81 ಅಂಕದಿಂದ ಸೋಲಿಸಿದರು, ಅದೇ ಅವರ ಕೊನೆಯ ಪಂದ್ಯವೂ ಆಯಿತು.

ಹಳಬರಲ್ಲಿ ಇಬ್ಬರನ್ನು ಬಿಡುವ ಹಾಗಿಲ್ಲ. ರೆಗ್ ಹಿಕಿ 245 ಪಂದ್ಯ ಆಡಿದವರು, 1937ರಲ್ಲಿ ನಾಯಕ ಮತ್ತು ಕೋಚ್ ಎರಡೂ ಆಗಿ ಗೆಲ್ಲಿಸಿದರು, 1951 ಮತ್ತು 1952ರಲ್ಲಿ ಕೋಚ್ ಆಗಿ. ಆಟಗಾರ, ಕೋಚ್ ಎರಡನ್ನೂ ಕೂಡಿಸಿದರೆ ಅವರನ್ನು ಮೀರಿಸುವವರಿಲ್ಲ. ಇನ್ನೊಬ್ಬರು ಕಾರ್ಜಿ ಗ್ರೀವ್ಸ್, 1924ರಲ್ಲಿ ಮೊಟ್ಟಮೊದಲ ಬ್ರೌನ್‌ಲೋ ಮೆಡಲ್ ಪಡೆದವರು. ಹೆಸರು ಎಡ್ವರ್ಡ್. ‘ಕಾರ್ಜಿ’ ಬಂದದ್ದು ಆ ಕಾಲದ ರಂಗನಾಟಕವೊಂದರ ರಾಜನ ಪಾತ್ರದಿಂದ. ಒದೆಯುವುದರಲ್ಲಿ ಎಂಥ ನಿಪುಣ ಅಂದರೆ, ಅಮೆರಿಕದವರು ತಮ್ಮ ಫುಟ್‌ಬಾಲ್ ಆಟಗಾರರಿಗೆ ಒದೆಯುವುದು ಕಲಿಸಲು ಅವರನ್ನು ಕರೆಸಿಕೊಂಡಿದ್ದರು.

ಈಗ ಆಡುತ್ತಿರುವ ಪ್ಯಾಟ್ರಿಕ್ ಡೇಂಜರ್‌ಫೀಲ್ಡ್ ಹೆಸರು ಯಾರಾದರೂ ಎತ್ತಿದರೆ, ಮೊದಲು ಅಡಿಲೇಡ್ ತಂಡಕ್ಕೆ ಆಡಿದ ವರ್ಷಗಳನ್ನು ಕಳೆದು ಲೆಕ್ಕ ಹಾಕಿ ಅನ್ನಿ. ಅವರು ಜಿಲಾಂಗ್ ಕಡೆಯವರೇ, ಬಂದ ವರ್ಷವೇ, 2016ರಲ್ಲಿ, ಬ್ರೌನ್‌ಲೋ ಗೆದ್ದವರು, ನನಗೆ ತುಂಬಾ ಇಷ್ಟ. ಆದರೂ ಫಾರ್ಮರ್‌ಗೆ ಹಿಡಿದ ಕೋಲನ್ನೇ ಅವರಿಗೂ ಹಿಡಿಯಬೇಕಲ್ವಾ?