ಐಸಿಯು ಬಾಗಿಲ ಆಚೆ, ಈಚೆ: ನಿಮ್ಮ ಪ್ರಶ್ನೆ, ಡಾಕ್ಟರ ಉತ್ತರ

ಐಸಿಯು ಬಗ್ಗೆ ಏನು ಬೇಕಾದರೂ ಕೇಳಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆ. ಹಾರ್ಟ್ ಅಟ್ಯಾಕ್, ಹಾವು ಕಡಿತ, ಆಸ್ಪತ್ರೆ ಖರ್ಚು, ಇಂಥವು ಜಾಸ್ತಿ ಬರಬಹುದು ಅಂದುಕೊಂಡಿದ್ದೆ. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೋವಿಡ್ ಕಾಲದವು. ಇಷ್ಟು ವರ್ಷ ಆದಮೇಲೂ ಯಾರೂ ಮರೆತಿಲ್ಲ. ನಾನೂ ಮರೆತಿಲ್ಲ. ಹಾಗಾಗಿ ಈ ಸಲ ಅವುಗಳಿಗೇ ಉತ್ತರ.

ವೆಂಟಿಲೇಟರ್ ಹಾಕಿದರೆ ಮುಗೀತು, ವಾಪಸ್ ಬರಲ್ಲ ಅಂತಾರೆ. 2020ರಲ್ಲಿ ನಮ್ಮಣ್ಣನಿಗೆ ಹಾಕಲು ನಾವು ಒಪ್ಪಲಿಲ್ಲ. ಅವರಿಗೆ 81 ವರ್ಷ, ಡಯಾಲಿಸಿಸ್ ಮೇಲಿದ್ದರು. ತಪ್ಪು ಮಾಡಿದೆವಾ?
*ನಿವೃತ್ತ ಶಿಕ್ಷಕರು, ಶ್ರೀರಂಗಪಟ್ಟಣ*

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಇಲ್ಲ. ಆ ವಯಸ್ಸು, ಕೈಕೊಟ್ಟ ಕಿಡ್ನಿ, ಅದರ ಮೇಲೆ ಕೋವಿಡ್ ನ್ಯುಮೋನಿಯಾ. ನಮ್ಮ ಮನೆಯವರೇ ಆಗಿದ್ದರೂ ನಾನು ನಿಮ್ಮ ಹಾಗೆಯೇ ಹೇಳುತ್ತಿದ್ದೆ.

ಇನ್ನು ಮೊದಲನೆಯದು. ವೆಂಟಿಲೇಟರ್ ಕಾಯಿಲೆ ವಾಸಿ ಮಾಡುವ ಯಂತ್ರವಲ್ಲ. ನಾಟಿ ಕೆಲಸಕ್ಕೆ ಮುಯ್ಯಾಳು ಬಂದ ಹಾಗೆ ಅದು. ಸೋತ ಶ್ವಾಸಕೋಶ ಸುಧಾರಿಸಿಕೊಳ್ಳುವ ತನಕ ಉಸಿರಿನ ಕೆಲಸಕ್ಕೆ ಕೈ ಜೋಡಿಸುತ್ತದೆ, ಅಷ್ಟೇ. ಐಸಿಯು ಹುಟ್ಟಿದ್ದೂ ಹೀಗೆಯೇ. 1952ರಲ್ಲಿ ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಜೋರಾಗಿ ಹಬ್ಬಿತ್ತು. ಉಸಿರಾಟದ ಸ್ನಾಯುಗಳೇ ನಿಂತುಹೋದ ಮಕ್ಕಳು ಸಾಯುತ್ತಿದ್ದರು. ಯಂತ್ರಗಳು ಬೆರಳೆಣಿಕೆಯಷ್ಟು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ಡಾಕ್ಟರ್ 12 ವರ್ಷದ ಹುಡುಗಿಯೊಬ್ಬಳ ಕೊರಳಲ್ಲಿ ರಂಧ್ರ ಮಾಡಿಸಿ, ಟ್ಯೂಬ್ ಇಟ್ಟು, ರಬ್ಬರ್ ಚೀಲವನ್ನು ಕೈಯಲ್ಲಿ ಒತ್ತಿ ಗಾಳಿ ಕೊಟ್ಟರು. ಹುಡುಗಿ ಬದುಕಿದಳು. ಆಮೇಲೆ ಸುಮಾರು 1500 ವಿದ್ಯಾರ್ಥಿಗಳು ಪಾಳಿ ಹಾಕಿಕೊಂಡು, ಹಾಸಿಗೆ ಪಕ್ಕ ಕೂತು, ಹಗಲು ರಾತ್ರಿ ಚೀಲ ಒತ್ತಿದರು. ಇವತ್ತಿನ ವೆಂಟಿಲೇಟರ್ ಮಾಡುವುದು ಆ ವಿದ್ಯಾರ್ಥಿಗಳ ಕೈ ಕೆಲಸವನ್ನೇ.

ಕೋವಿಡ್‌ನಲ್ಲಿ ವೆಂಟಿಲೇಟರ್‌ಗೆ ಹೋದವರಲ್ಲಿ ಬಹಳ ಜನ ಉಳಿಯಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಶ್ವಾಸಕೋಶ ತೀರಾ ಹಾಳಾದವರಿಗೇ ಅದನ್ನು ಹಾಕುತ್ತಿದ್ದೆವು. ಆದರೆ ವಿಷ ಕುಡಿದವರು, ಹಾವು ಕಡಿದವರು, ಬಾಣಂತಿಯರು ಎಷ್ಟೋ ಜನ ಅದೇ ಯಂತ್ರದಿಂದ ಇಳಿದು, ನಡೆದುಕೊಂಡು ಮನೆಗೆ ಹೋಗಿದ್ದಾರೆ. ನಾನೇ ಕಳಿಸಿಕೊಟ್ಟಿದ್ದೇನೆ. ಆದ್ದರಿಂದ ವೆಂಟಿಲೇಟರ್ ಎಂಬ ಹೆಸರು ಕೇಳಿದ ತಕ್ಷಣ ಬೇಡ ಅನ್ನಬೇಡಿ. ಯಾರಿಗೆ, ಯಾವ ಕಾಯಿಲೆಗೆ, ಎಷ್ಟು ದಿನಕ್ಕೆ ಎಂದು ಕೇಳಿ.

ಕೋವಿಡ್ ಕಾಲದಲ್ಲಿ ಕೊಂಡ ಆಕ್ಸಿಮೀಟರ್ ಇನ್ನೂ ಇದೆ. ಇಟ್ಟುಕೊಳ್ಳಬೇಕಾ?
*ಗೃಹಿಣಿ, ಕುವೆಂಪುನಗರ, ಮೈಸೂರು*

ಇಟ್ಟುಕೊಳ್ಳಿ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಎಂದು ತೋರಿಸುವ ಸಾಧನ ಅದು. ಸೆಲ್ ತೆಗೆದಿಡಿ, ಇಲ್ಲದಿದ್ದರೆ ಸೋರಿ ಹಾಳಾಗುತ್ತದೆ. ನೇಲ್ ಪಾಲಿಶ್ ಇದ್ದರೆ, ಬೆರಳು ತಣ್ಣಗಿದ್ದರೆ ತಪ್ಪು ತೋರಿಸುತ್ತದೆ. ಬೆರಳು ಉಜ್ಜಿ ಬೆಚ್ಚಗೆ ಮಾಡಿಕೊಂಡು, ಅಂಕಿ ಒಂದು ಕಡೆ ನಿಲ್ಲುವ ತನಕ ಕಾಯಿರಿ. ಕಪ್ಪು ಚರ್ಮದವರಲ್ಲಿ ನಿಜಕ್ಕಿಂತ ಸ್ವಲ್ಪ ಜಾಸ್ತಿ ತೋರಿಸಬಹುದು. ಹಾಗಾಗಿ ಅಂಕಿ ಸರಿ ಇದ್ದರೂ ಉಸಿರು ಕಟ್ಟುತ್ತಿದ್ದರೆ ಆಸ್ಪತ್ರೆಗೆ ಬನ್ನಿ. ಬೆರಳಿಗೆ ಸಿಕ್ಕಿಸುವ ಈ ಸಾಧನದ ಮೂಲ ತತ್ವವನ್ನು 1970ರ ದಶಕದಲ್ಲಿ ಕಂಡುಹಿಡಿದವರು ಜಪಾನಿನ ಎಂಜಿನಿಯರ್ ತಕುಒ ಅಒಯಾಗಿ. ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ. ಇಡೀ ಜಗತ್ತು ಅವರ ಸಾಧನವನ್ನು ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುತ್ತಿದ್ದ ಹೊತ್ತು ಅದು.

ಕೋವಿಡ್‌ಗೆ ಕೊಡುತ್ತಿದ್ದ ರೆಮ್‌ಡೆಸಿವಿರ್ ಇಂಜೆಕ್ಷನ್ ಸಿಗದೆ ನನ್ನ ತಮ್ಮ ಹೋದ. ಮೈಸೂರು, ಬೆಂಗಳೂರು ಎಲ್ಲಾ ಸುತ್ತಿದೆ. ಇನ್ನೊಂದು ದಿನ ಮೊದಲು ಸಿಕ್ಕಿದ್ದರೆ?
*ಮದ್ದೂರಿನ ಓದುಗರು*

ಅಣ್ಣಾ, ಈ ಭಾರ ಇಳಿಸಿಬಿಡಿ. ತಮ್ಮ ವೆಂಟಿಲೇಟರ್ ಮೇಲಿದ್ದರು ಎಂದು ಬರೆದಿದ್ದೀರಿ. ಅಷ್ಟು ಮುಂದುವರಿದವರ ಜೀವವನ್ನು ಆ ಇಂಜೆಕ್ಷನ್ ಉಳಿಸುತ್ತದೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡುಬರಲಿಲ್ಲ. ಆ ಚೀಟಿ ಬರೆದುಕೊಟ್ಟು ಮನೆಯವರನ್ನು ಬೀದಿಗೆ ಅಟ್ಟಿದ್ದು ನಮ್ಮ ವೃತ್ತಿಯವರ ತಪ್ಪು. ನಾನೂ ಬರೆದಿದ್ದೇನೆ. ಏನೂ ಬರೆಯದೆ ಸುಮ್ನೆ ಕೂರಲು ಆಗ ಧೈರ್ಯ ಸಾಲಲಿಲ್ಲ. ನಿಮ್ಮಂಥವರಲ್ಲಿ ಅದಕ್ಕೆ ಕ್ಷಮೆ ಕೇಳುತ್ತೇನೆ.

ನಿಜಕ್ಕೂ ಕೈ ಹಿಡಿದದ್ದು ಡೆಕ್ಸಾಮೆಥಾಸೋನ್. ಹಳೆಯ, ಅಗ್ಗದ ಸ್ಟೆರಾಯ್ಡ್. ಯಾವ ಊರಿನ ಮೆಡಿಕಲ್ ಸ್ಟೋರ್‌ನಲ್ಲಾದರೂ ಸಿಗುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನದ ಫಲಿತಾಂಶ ಬಂತು. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು ಸುಮಾರು ಮೂರನೇ ಒಂದು ಪಾಲು ಕಡಿಮೆಯಾಗಿತ್ತು. ಅದು ನಿಮ್ಮ ತಮ್ಮನಿಗೆ ಸಿಕ್ಕಿತ್ತು. ನೀವು ಕಳಿಸಿದ ಆಸ್ಪತ್ರೆಯ ಸಮ್ಮರಿಯಲ್ಲಿದೆ, ನೋಡಿದೆ.

2021ರ ಮೇ ತಿಂಗಳಲ್ಲಿ ನಮಗೆ ದೊಡ್ಡ ಚಿಂತೆ ಇದ್ದದ್ದು ಆಕ್ಸಿಜನ್‌ದು. ಒಂದು ಜಂಬೋ ಸಿಲಿಂಡರ್‌ನಲ್ಲಿ ಸುಮಾರು 7000 ಲೀಟರ್ ಇರುತ್ತದೆ. ಮೂಗಿಗೆ ಜೋರಾಗಿ ಗಾಳಿ ಬಿಡುವ ಹೈಫ್ಲೋ ಯಂತ್ರಕ್ಕೆ ನಿಮಿಷಕ್ಕೆ 60 ಲೀಟರ್ ತನಕ ಬೇಕು. ಲೆಕ್ಕ ಹಾಕಿ, ಎರಡು ಗಂಟೆಯೂ ಬರುವುದಿಲ್ಲ. ರಾತ್ರಿ ಪಾಳಿಯಲ್ಲಿ ಕಾಗದದ ಮೇಲೆ ಇದೇ ಭಾಗಾಕಾರ ಮಾಡುತ್ತಾ ಕೂತಿರುತ್ತಿದ್ದೆ. ಲಾರಿ ಸದ್ದು ಕೇಳಿದರೆ ಕಿಟಕಿಗೆ ಓಡುತ್ತಿದ್ದೆ. ಈಗಲೂ ನಡುರಾತ್ರಿ ದೊಡ್ಡ ಲಾರಿ ಗೇರ್ ಬದಲಿಸಿದ ಸದ್ದಾದರೆ ಎಚ್ಚರವಾಗುತ್ತದೆ.

ಮೇಡಂ, ನಮ್ಮಪ್ಪ 2021ರ ಮೇನಲ್ಲಿ ಐಸಿಯುನಲ್ಲಿ ತೀರಿಕೊಂಡರು. 11 ದಿನ ಒಳಗಿದ್ದರು. ನಾವು ಯಾರೂ ನೋಡಲಿಲ್ಲ. ತುಂಬಾ ಸಂಕಟಪಟ್ಟರಾ? ನಮ್ಮನ್ನು ಕೇಳಿದರಾ? ಯಾರೂ ಹೇಳಲಿಲ್ಲ.
*ಮಂಡ್ಯದ ಓದುಗರು*

ತಂಗೀ, ನಿನ್ನ ಪತ್ರವನ್ನು ವಾರದಿಂದ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದೇನೆ. ನಿಮ್ಮಪ್ಪ ಇದ್ದದ್ದು ಬೇರೆ ಆಸ್ಪತ್ರೆ. ಅವರ ವಿಷಯ ನಾನು ಹೇಳಲಾರೆ. ಒಳಗೆ ಏನಾಗುತ್ತಿತ್ತು ಎಂಬುದನ್ನು ಮಾತ್ರ ಹೇಳಬಲ್ಲೆ.

ಮೊದಲ ದಿನಗಳು ಕಷ್ಟದವು. ಉಸಿರಿಗಾಗಿ ಒದ್ದಾಡುವುದು ಸಣ್ಣ ಸಂಕಟವಲ್ಲ. ಹಾಗೇನೂ ಇರಲಿಲ್ಲ ಎಂದು ಹೇಳಿ ನಿನ್ನನ್ನು ಸಮಾಧಾನ ಮಾಡಲಾರೆ. ಟ್ಯೂಬ್ ಹಾಕಿದ ಮೇಲೆ ನಿದ್ದೆಯ ಔಷಧ, ನೋವಿನ ಔಷಧ ನರದೊಳಗೆ ಹನಿಹನಿಯಾಗಿ ಹೋಗುತ್ತಲೇ ಇರುತ್ತದೆ. ಆಗ ಅವರು ಮಲಗಿರುತ್ತಾರೆ. ಶ್ವಾಸಕೋಶದ ಹಿಂಭಾಗಕ್ಕೂ ಗಾಳಿ ಹೋಗಲಿ ಎಂದು ದಿನಕ್ಕೆ 16 ಗಂಟೆ ಬೋರಲು ಮಲಗಿಸುತ್ತಿದ್ದೆವು. ಅದಕ್ಕೆ ಐದು ಜನ ಬೇಕು. ತಲೆ ಹತ್ತಿರ ಟ್ಯೂಬ್ ಹಿಡಿದವರು ಒಂದು, ಎರಡು, ಮೂರು ಅಂತ ಎಣಿಸುತ್ತಾರೆ. ಉಳಿದವರು ಒಟ್ಟಿಗೆ ತಿರುಗಿಸುತ್ತಾರೆ. ಆಮೇಲೆ ಒಬ್ಬ ನರ್ಸ್ ಕೆನ್ನೆ ಕೆಳಗೆ ದಿಂಬು ಸರಿ ಮಾಡುತ್ತಾರೆ. ಕಿವಿ ಮಡಚಿಕೊಂಡಿದೆಯಾ ಎಂದು ಬೆರಳು ಹಾಕಿ ನೋಡುತ್ತಾರೆ. ಕಿವಿ ಮಡಚಿಕೊಂಡರೆ ಹುಣ್ಣಾಗುತ್ತದೆ. ಎರಡು ಗ್ಲೌಸ್ ಹಾಕಿದ ಕೈ, ಬೆವರಿಗೆ ಮಂಜು ಕಟ್ಟಿದ ಕನ್ನಡಕ, ಆದರೂ ಆ ಕಿವಿ ನೋಡುವುದನ್ನು ಅವರು ಮರೆತದ್ದು ನಾನು ಕಾಣೆ. ನೀವು ಮಾಡಬೇಕಿದ್ದ ಸೇವೆಯನ್ನು ಬೇರೆ ಯಾರೋ ಮಾಡುತ್ತಿದ್ದರು.

ಕೇಳಿದರಾ ಅಂತ ಕೇಳಿದ್ದೀಯ. ಎಲ್ಲರೂ ಕೇಳುತ್ತಿದ್ದರು. ಮಂಡ್ಯ ಕಡೆಯ ಒಬ್ಬ ರೈತರು, 60 ದಾಟಿತ್ತು. ಟ್ಯೂಬ್ ಹಾಕಬೇಕು, ನಿದ್ದೆ ಬರಿಸುತ್ತೇವೆ ಎಂದು ಹೇಳಿದೆ. ಮಾಸ್ಕ್ ಸರಿಸಿ ನನ್ನ ಕೈ ಹಿಡಿದುಕೊಂಡರು. 'ನನ್ ಮಗುನ್ಗೆ ಒಂದ್ ಪೋನ್ ಮಾಡವ್ವ. ರಾತ್ರಿ ಮೂರ್ ಪೇಸ್ ಕರೆಂಟ್ ಬತ್ತದೆ, ಮೋಟ್ರು ಹಾಕು ಅನ್ನು. ಕಬ್ಬು ಒಣಗೋಯ್ತದೆ.' ಆಯ್ತಪ್ಪಾ ಅಂದೆ. ಪಕ್ಕದ ಹಾಸಿಗೆಯವರಿಗೆ ಹೃದಯ ನಿಂತಿತು, ಅಲ್ಲಿಗೆ ಓಡಿದೆ. ಆ ಮಾತನ್ನು ಮಗನಿಗೆ ಮುಟ್ಟಿಸಿದ್ದು ಎರಡು ದಿನ ತಡವಾಗಿ. ಮಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, 'ಹಾಕಿದೀನಿ ಅಂತ ಹೇಳಿ ಮೇಡಂ' ಅಂದರು. ಹೋಗಿ ಅವರ ಕಿವಿಯ ಹತ್ತಿರ ಜೋರಾಗಿ ಹೇಳಿದೆ. ಅವರಿಗೆ ಕೇಳಿಸಿತೋ ಇಲ್ಲವೋ. ಆರನೇ ದಿನ ಹೋದರು. ಕಡೆಯ ಎಚ್ಚರದಲ್ಲಿ ಅವರಿಗೆ ಹೆದರಿಕೆಗಿಂತ ಜಾಸ್ತಿ ಇದ್ದದ್ದು ಮನೆಯ ಕೆಲಸದ ನೆನಪು. ನಿಮ್ಮಪ್ಪನಿಗೂ ಅಂಥದ್ದೇ ಏನೋ ಇದ್ದಿರಬೇಕು. ನಿನ್ನ ಹೆಸರೂ ಅದರಲ್ಲಿ ಇದ್ದಿರಬೇಕು.

ಒಂದು ಕೆಲಸ ಮಾಡಬಹುದು. ಆ ಆಸ್ಪತ್ರೆಗೆ ಹೋಗಿ ಕೇಸ್ ಶೀಟ್ ನಕಲು ಕೇಳು. ನರ್ಸ್‌ಗಳು ಗಂಟೆ ಗಂಟೆಗೂ ಬರೆದಿಟ್ಟ ಹಾಳೆಗಳು ಅದರಲ್ಲಿ ಸಿಗಬಹುದು. ಸಿಕ್ಕರೆ ನನ್ನ ಹತ್ತಿರ ತೆಗೆದುಕೊಂಡು ಬಾ. ಇಬ್ಬರೂ ಕೂತು ಓದೋಣ.

ನಾನು ಎಂಬಿಬಿಎಸ್ ಎರಡನೇ ವರ್ಷದಲ್ಲಿದ್ದೇನೆ. ಐಸಿಯು ಡಾಕ್ಟರ್ ಆಗುವ ಆಸೆ. ಇಷ್ಟು ಸಾವು ನೋಡಿ ಹೇಗೆ ತಡೆದುಕೊಳ್ಳುತ್ತೀರಿ?
*ವಿದ್ಯಾರ್ಥಿನಿ, ಮೈಸೂರು*

ತಡೆದುಕೊಳ್ಳುತ್ತೇನೆ ಎಂದು ಹೇಳಲಾರೆ ಮರಿ. 2021ರ ಜೂನ್‌ನಲ್ಲಿ ಒಂದು ದಿನ ಡ್ಯೂಟಿ ಮುಗಿಸಿ ಮನೆ ಬಾಗಿಲಿಗೆ ಬಂದವಳು ಒಳಗೆ ಹೋಗಲಾಗದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಮ್ಮಮ್ಮ ಏನೂ ಕೇಳದೆ ಒಂದು ಲೋಟ ಮಜ್ಜಿಗೆ ತಂದು ದೂರದಲ್ಲಿಟ್ಟು ಹೋದರು. ಮನೋವೈದ್ಯರ ಹತ್ತಿರವೂ ಹೋದೆ. ಹೋಗಿದ್ದಕ್ಕೆ ನಾಚಿಕೆ ಇಲ್ಲ. ನಿನಗೂ ಬೇಕಾದಾಗ ಹೋಗು.

ಬಿಡುವಾದಾಗ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಿಟೋರಿಯಂ, ಅಂದರೆ ಕ್ಷಯ ರೋಗಿಗಳ ಆಸ್ಪತ್ರೆ, ಆ ಕಡೆ ಹೋಗಿ ಬಾ. ಪಿ.ಕೆ. ಅಂದರೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ. ಕ್ಷಯದಿಂದ ತೀರಿಕೊಂಡರು. ಅರಮನೆಯಲ್ಲಿ ಇಲ್ಲದ್ದು ಏನಿತ್ತು? ಆದರೆ ಕ್ಷಯಕ್ಕೆ ನಾಟುವ ಮದ್ದು ಸ್ಟ್ರೆಪ್ಟೊಮೈಸಿನ್ ಕಂಡುಹಿಡಿದದ್ದೇ 1943ರಲ್ಲಿ. ಅಲ್ಲಿಯ ತನಕ ಕ್ಷಯಕ್ಕೆ ಸ್ಯಾನಿಟೋರಿಯಂಗಳಲ್ಲಿ ಕೊಡುತ್ತಿದ್ದದ್ದು ಗಾಳಿ, ಬಿಸಿಲು, ಹಾಲು, ಮೊಟ್ಟೆ, ವಿಶ್ರಾಂತಿ, ಆರೈಕೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನಲ್ಲಿ ಒಬ್ಬರ ಹಿಂದೆ ಒಬ್ಬರಿಗೆ ಪಾಸಿಟಿವ್ ಬರತೊಡಗಿದಾಗ ನಮ್ಮ ಕೈಯಲ್ಲಿದ್ದದ್ದೂ ಹೆಚ್ಚುಕಡಿಮೆ ಅಷ್ಟೇ: ಆಕ್ಸಿಜನ್, ಮಗ್ಗುಲು ತಿರುಗಿಸುವುದು, ಬಾಯಿ ಒರೆಸುವುದು, ಕಾಯುವುದು. ಮದ್ದು ಇಲ್ಲದ ಹೊತ್ತಿನಲ್ಲೂ ಡಾಕ್ಟರಿಗೆ ಮಾಡಲು ಕೆಲಸವಿರುತ್ತದೆ. ಅದನ್ನು ಕೀಳು ಅಂದುಕೊಳ್ಳದವರು ಈ ಕಡೆ ಬರಬೇಕು. ಮಗ್ಗುಲು ತಿರುಗಿಸುವುದನ್ನು ಮೊದಲು ನರ್ಸ್‌ಗಳಿಂದ ಕಲಿ.

ಈಗಲೂ ಐಸಿಯು ಹೊರಗೆ ಬೆಂಚಿನ ಮೇಲೆ ಕಾಯಿಸುತ್ತೀರಲ್ಲ, ಯಾಕೆ?
*ಹಲವು ಓದುಗರು*

ಸೋಂಕಿನ ಭಯ ಒಂದು ಕಾರಣ. ಅದು ನಿಜವೇ. ಕೈ ತೊಳೆದು, ಕೆಮ್ಮು ನೆಗಡಿ ಇಲ್ಲದೆ ಒಬ್ಬೊಬ್ಬರೇ ಬಂದರೆ ಆ ಭಯ ಬಹಳ ಕಡಿಮೆ. ಉಳಿದದ್ದು ಬರೀ ನಮ್ಮ ಅಭ್ಯಾಸ. ಮನೆಯವರಿದ್ದರೆ ಕೆಲಸಕ್ಕೆ ಅಡ್ಡಿ ಎಂದು ನಾನೂ ವರ್ಷಗಟ್ಟಲೆ ಬಾಗಿಲು ಹಾಕಿಸಿದವಳು. ಮೊಬೈಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಸಾಯುತ್ತಿರುವವರ ಮುಖದ ಮುಂದೆ ಹಿಡಿದು, ಮಕ್ಕಳು 'ಅಪ್ಪಾ' ಅನ್ನುವುದನ್ನು ಅಷ್ಟು ಸಲ ಕೇಳಿಸಿಕೊಂಡ ಮೇಲೆ ಹಾಗೆ ಮಾಡಲಾಗಲಿಲ್ಲ. ಈಗ ನಮ್ಮಲ್ಲಿ ಬೆಳಿಗ್ಗೆ ಒಂದು ಗಂಟೆ, ಸಂಜೆ ಎರಡು ಗಂಟೆ ಒಳಗೆ ಬಿಡುತ್ತೇವೆ. ಕೊನೆಗಾಲ ಅನ್ನಿಸಿದರೆ ಗಡಿಯಾರ ನೋಡುವುದಿಲ್ಲ. ನಿಮ್ಮೂರ ಆಸ್ಪತ್ರೆಯಲ್ಲಿ ಬಿಡದಿದ್ದರೆ ಕೇಳಿ. ಜಗಳ ಬೇಡ. ಆದರೆ ಕೇಳುವುದನ್ನು ಬಿಡಬೇಡಿ.

ಈ ವಾರ ಆರನೇ ಹಾಸಿಗೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ. ವೆಂಟಿಲೇಟರ್ ಮೇಲೆ ಎಂಟನೇ ದಿನ. ಯಜಮಾನರು ತಿ. ನರಸೀಪುರ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಾರೆ. ಮೊನ್ನೆ ಜೇಬಿನಿಂದ ಬಾಚಣಿಗೆ ತೆಗೆದು, 'ತಲೆ ಬಾಚಲಾ?' ಎಂದು ನರ್ಸ್ ಹತ್ತಿರ ಕೇಳಿದರು. ನರ್ಸ್ ಟ್ಯೂಬ್ ಹಿಡಿದುಕೊಂಡರು. ಅವರು ಸಿಕ್ಕು ಬಿಡಿಸಿ, ಬಾಚಿ, ಜಡೆ ಹಾಕಿದರು. ಅರ್ಧ ಗಂಟೆ ಹಿಡಿಯಿತು. ಜಡೆ ಒಂದು ಕಡೆಗೆ ಸೊಟ್ಟಗಿದೆ. ನಾವು ಯಾರೂ ಬಿಚ್ಚಿಲ್ಲ.