ದೋಣಿಯ ತಳಕ್ಕೆ ವ್ಯಾಕ್ಸ್ ಹಚ್ಚಿದರೆ ಓಟ ಜಾಸ್ತಿ ಆಗುತ್ತಾ?

ನಿಮ್ಮದು 16 ಅಡಿಯ ಫೈಬರ್ ದೋಣಿ, ಸಣ್ಣ ಎಂಜಿನ್. ಕಾರಿನ ವ್ಯಾಕ್ಸ್ ಮನೆಯಲ್ಲೇ ಇದೆ, ತಳಕ್ಕೆ ಹಚ್ಚಿದರೆ ವೇಗ ಹೆಚ್ಚುತ್ತಾ ಅಂತ ಕೇಳಿದ್ದೀರಿ. ಹೆಚ್ಚುವುದಿಲ್ಲ. ಹಚ್ಚಿ ನೋಡಿಯೇ ಹೇಳುತ್ತಿದ್ದೇನೆ.

ನಮ್ಮದು ಬಾಗಲಕೋಟೆ. ಸೋದರಮಾವನಿಗೆ ಆಲಮಟ್ಟಿ ಹಿನ್ನೀರಿನಲ್ಲಿ ಮೀನು ಹಿಡಿಯಲು ನಿಮ್ಮಂಥದ್ದೇ ದೋಣಿ ಇದೆ. ಮೂರು ತಿಂಗಳು ನೀರಲ್ಲೇ ಇದ್ದ ಅದನ್ನು ದಂಡೆಗೆಳೆದು ಮಗುಚಿದರೆ ತಳದ ತುಂಬ ಹಾವಸೆ, ಅಂದರೆ ಪಾಚಿ. ತಿಕ್ಕಿ ತೊಳೆದು, ವ್ಯಾಕ್ಸ್ ಹಚ್ಚಿ ನೀರಿಗಿಳಿಸಿದೆವು. ಓಟ ಎದ್ದು ಕಾಣುವಷ್ಟು ಬದಲಾಗಿತ್ತು. "ನೋಡ್ರಿ ಮಾಮಾ, ವ್ಯಾಕ್ಸಿನ ಕರಾಮತ್ತು" ಅಂದೆ. "ಹಾವಸಿ ಹೋತಲ್ಲೋ ತಮ್ಮಾ, ಅದಕ್ಕ ಓಡಾಕತ್ತೈತಿ" ಅಂದರು.

ಆ ಮಾತು ತಲೆಯಲ್ಲಿ ಉಳಿಯಿತು. ಮುಂದಿನ ಸಲ ಬೇರೆ ಬೇರೆಯಾಗಿ ನೋಡಿದೆ. ಅದೇ ಇಬ್ಬರು, ಅಷ್ಟೇ ಪೆಟ್ರೋಲ್, ಮೊಬೈಲಿನ ಜಿಪಿಎಸ್. ಗಾಳಿಯ ಲೆಕ್ಕ ತಪ್ಪಬಾರದು ಅಂತ ಹೋಗುವಾಗಲೂ ಬರುವಾಗಲೂ ಅಳೆದೆ. ಹಾವಸೆ ಇದ್ದಾಗ ಗಂಟೆಗೆ 8 ಕಿ.ಮೀ. ಆಸುಪಾಸು. ತೊಳೆದ ಮೇಲೆ 9 ದಾಟಿತು. ವ್ಯಾಕ್ಸ್ ಹಚ್ಚಿದ ಮೇಲೆ? ಅದೇ 9 ಚಿಲ್ಲರೆ. ಎಲ್ಲರೂ ತೊಳೆದೇ ಹಚ್ಚುತ್ತಾರೆ ನೋಡಿ, ಹೆಸರು ಮಾತ್ರ ವ್ಯಾಕ್ಸಿಗೆ.

ವ್ಯಾಕ್ಸ್ ಹಚ್ಚಿದ ಕಾರಿನ ಮೇಲೆ ನೀರು ಮಣಿಯಾಗಿ ಉರುಳುತ್ತದೆ, ಅದನ್ನು ನೋಡಿ ದೋಣಿಯೂ ಜಾರುತ್ತದೆ ಅಂದುಕೊಳ್ಳುತ್ತೇವೆ. ಆದರೆ ಮುಳುಗಿದ ತಳದಲ್ಲಿ ಮಣಿ ಕಟ್ಟಲು ಜಾಗವೆಲ್ಲಿ? ತಳಕ್ಕೆ ತಾಗಿದ ನೀರಿನ ತೆಳು ಪದರ ಅದಕ್ಕೇ ಅಂಟಿಕೊಂಡು ದೋಣಿಯ ಜೊತೆ ಬರುತ್ತದೆ, ವ್ಯಾಕ್ಸ್ ಇರಲಿ, ಬಿಡಲಿ. ತಿಕ್ಕಾಟ ಆ ಪದರಕ್ಕೂ ಅದರಾಚೆಯ ನೀರಿಗೂ. ಅಲ್ಲಿ ಲೆಕ್ಕಕ್ಕೆ ಬರುವುದು ತಳದ ಉಬ್ಬುತಗ್ಗು. 1870ರ ದಶಕದಲ್ಲಿ ವಿಲಿಯಂ ಫ್ರೂಡ್ ಎಂಬ ಎಂಜಿನಿಯರ್ ಇಂಗ್ಲೆಂಡಿನ ಟಾರ್ಕಿಯಲ್ಲಿ ಉದ್ದನೆಯ ತೊಟ್ಟಿ ಕಟ್ಟಿಸಿ, ವಾರ್ನಿಶ್, ಮೇಣ, ಬಟ್ಟೆ, ಮರಳು ಹೀಗೆ ಬೇರೆ ಬೇರೆ ಹೊದಿಕೆಯ ಹಲಗೆಗಳನ್ನು ನೀರಲ್ಲಿ ಎಳೆಸಿ ನೋಡಿದರು. ಬಟ್ಟೆ ಹೊದಿಸಿದ ಹಲಗೆಗೆ ವಾರ್ನಿಶ್ ಹಲಗೆಯ ಸುಮಾರು ಎರಡು ಪಟ್ಟು ಎಳೆತ ಬೇಕಾಯಿತು. ಹಾವಸೆ ಅಂದರೆ ಬಟ್ಟೆ ಹೊದ್ದ ಹಾಗೇ ಅಲ್ವಾ?

ಓಟಕ್ಕೆ ಇನ್ನೊಂದು ಅಡ್ಡಿ ಅಲೆಯದು. ನೀರನ್ನು ಸೀಳಿಕೊಂಡೇ ಹೋಗುವ, ಮೇಲೆದ್ದು ಜಾರದ ದೋಣಿ ತಾನೆಬ್ಬಿಸಿದ ಅಲೆಯಲ್ಲೇ ಸಿಕ್ಕಿಕೊಳ್ಳುತ್ತದೆ. 16 ಅಡಿಗೆ ಆ ಮಿತಿ ಗಂಟೆಗೆ ಸುಮಾರು 10 ಕಿ.ಮೀ. ಅಲ್ಲಿಂದಾಚೆ ಯಾವ ಪಾಲಿಶೂ ದಾಟಿಸುವುದಿಲ್ಲ. ದೋಣಿ ಪಂದ್ಯದವರು ಎಷ್ಟೋ ಜನ ವ್ಯಾಕ್ಸ್ ಬಿಟ್ಟು, ತಳ ನುಣುಪಾಗಲಿ ಅಂತ 400ರಿಂದ 600 ನಂಬರಿನ ವಾಟರ್ ಪೇಪರ್‌ನಲ್ಲಿ (ಸಣ್ಣ ಉಪ್ಪುಕಾಗದ) ನೀರು ಹಾಕಿ ಉಜ್ಜುತ್ತಾರೆ.

ಹಾಗಂತ ಡಬ್ಬಿ ಎಸೆಯಬೇಡಿ. ನಮ್ಮ ಬೇಸಿಗೆಯ ಬಿಸಿಲಿಗೆ ಫೈಬರ್ ಮೇಲಿನ ಹೊಳಪು ಸುಣ್ಣದ ಹಾಗೆ ಉದುರುತ್ತದೆ. ನೀರಿನ ಮೇಲಿರುವ ಭಾಗಕ್ಕೆ ವ್ಯಾಕ್ಸ್ ಒಳ್ಳೆಯದೇ. ಬಣ್ಣ ಹೊಡೆಸುವ ಯೋಚನೆ ಇದ್ದರೆ ಮಾತ್ರ ಈಗ ಹಚ್ಚಬೇಡಿ, ಬಣ್ಣ ಹಿಡಿಯುವುದಿಲ್ಲ. ಅಂದಹಾಗೆ, ನಮ್ಮ ಕಡೆ ಹರಿಗೋಲಿಗೆ ಡಾಂಬರು ಬಳಿಯುವುದೂ ನೀರು ಒಳಗೆ ಬರದಿರಲಿ ಅಂತ, ಓಟಕ್ಕಲ್ಲ.

ತೊಳೆದ ಮೇಲೂ ಓಟ ಮಂದ ಅನ್ನಿಸಿದರೆ ದೋಣಿಯೊಳಗೆ ನಿಂತ ನೀರು ಹೊರಹಾಕಿ. 20 ಲೀಟರ್ ಅಂದರೆ 20 ಕಿಲೋ ಸುಮ್ನೆ ಹೊತ್ತಂತೆ. ಆಮೇಲೆ ಪ್ರೊಪೆಲ್ಲರ್ ರೆಕ್ಕೆಗಳ ಅಂಚಿಗೆ ಬೆರಳಾಡಿಸಿ. ಮಾವನದ್ದು ನೀರಲ್ಲಿ ಮುಳುಗಿದ ಜಾಲಿ ಬೊಡ್ಡೆಗೆ ಬಡಿದು ಒಂದು ರೆಕ್ಕೆ ಮಡಚಿತ್ತು. ನಿಮ್ಮದು ನೆಟ್ಟಗಿದೆಯಾ?