ಬಾರ್ ಚಾರ್ಟ್ ಸರಿ ಇದೆ, ಮ್ಯಾಪ್‌ನಲ್ಲಿ ಮಾತ್ರ ಊರುಗಳು ಎಲ್ಲೆಲ್ಲೋ ಬೀಳುತ್ತಿವೆ, ಯಾಕೆ?

ಪವರ್ ಬಿಐನಲ್ಲಿ (ಚಾರ್ಟ್, ವರದಿ ಮಾಡುವ ಮೈಕ್ರೋಸಾಫ್ಟ್ ಸಾಫ್ಟ್‌ವೇರ್) ಊರುವಾರು ಮಾರಾಟದ ಬಾರ್ ಚಾರ್ಟ್ ಸರಿಯಾಗಿ ಬರುತ್ತಿದೆ, ಅದೇ ಕಾಲಮ್ ಮ್ಯಾಪ್‌ಗೆ ಹಾಕಿದರೆ ಕೆಲವು ಊರು ಬೇರೆ ದೇಶದಲ್ಲಿ ಕೂರುತ್ತವೆ, ಕೆಲವು ಕಾಣುವುದೇ ಇಲ್ಲ ಅಂತ ಕೇಳಿದ್ದೀರಿ. ತಪ್ಪು ಮ್ಯಾಪ್‌ದಲ್ಲ, ನಿಮ್ಮ ಟೇಬಲ್‌ದು.

ಬಾರ್ ಚಾರ್ಟ್‌ಗೆ ಊರು ಅಂದರೆ ಬರೀ ಒಂದು ಹೆಸರು. ಅದು ಎಲ್ಲಿದ್ದರೂ ನಡೆಯುತ್ತದೆ. ಮ್ಯಾಪ್ ಹಾಗಲ್ಲ, ಆ ಹೆಸರನ್ನು ಮೈಕ್ರೋಸಾಫ್ಟ್‌ನ ಮ್ಯಾಪ್ ಸೇವೆಗೆ ಕಳಿಸಿ ಅಕ್ಷಾಂಶ, ರೇಖಾಂಶ ತರಿಸಿಕೊಳ್ಳಬೇಕು. ಪ್ಯಾರಿಸ್ ಫ್ರಾನ್ಸ್‌ನಲ್ಲೂ ಇದೆ, ಅಮೆರಿಕದ ಟೆಕ್ಸಾಸ್‌ನಲ್ಲೂ ಇದೆ. ಹೈದರಾಬಾದ್ ಭಾರತದಲ್ಲೂ ಇದೆ, ಪಾಕಿಸ್ತಾನದ ಸಿಂಧ್‌ನಲ್ಲೂ ಇದೆ. ಸುಮ್ನೆ ಹೆಸರಷ್ಟೇ ಕೊಟ್ಟರೆ ಅದು ಊಹೆ ಮಾಡುತ್ತದೆ, ಅಲ್ವಾ? ಅದಕ್ಕೆ ಊರು, ರಾಜ್ಯ, ದೇಶ ಮೂರನ್ನೂ ನಡುವೆ ಕಾಮಾ ಹಾಕಿ ಸೇರಿಸಿ ಹೊಸ ಕಾಲಮ್ ಮಾಡಿ, ಅದರ ಡೇಟಾ ಕೆಟಗರಿಯನ್ನು (ಕಾಲಮ್‌ನಲ್ಲಿ ಇರುವುದು ಎಂಥ ಮಾಹಿತಿ ಅಂತ ಹೇಳುವ ಸೆಟ್ಟಿಂಗ್) ‘ಪ್ಲೇಸ್’ ಅಂತ ಇಡಿ. ಮುಕ್ಕಾಲು ತೊಂದರೆ ಅಲ್ಲೇ ಹೋಗುತ್ತದೆ.

ಅಕ್ಷಾಂಶ, ರೇಖಾಂಶವೇ ನಿಮ್ಮ ಹತ್ತಿರ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಅಲ್ಲೂ ಒಂದು ಗುಂಡಿ ಇದೆ, ನಾನು ಬಿದ್ದಿದ್ದೇನೆ. ಒಂದು ಅಂಗಡಿ 20 ಡಿಗ್ರಿ ಉತ್ತರ, 30 ಡಿಗ್ರಿ ಪೂರ್ವದಲ್ಲಿತ್ತು. ಟೇಬಲ್‌ನಲ್ಲಿ ಅದಕ್ಕೆ ನಾಲ್ಕು ಬಿಲ್, ಅಂದರೆ ನಾಲ್ಕು ಸಾಲು. ಅಕ್ಷಾಂಶವೂ ಒಂದು ಸಂಖ್ಯೆ ತಾನೇ, ಪವರ್ ಬಿಐ ನಾಲ್ಕನ್ನೂ ಕೂಡಿಸಿತ್ತು. 80 ಮತ್ತು 120 ಆಗಿ ಅಂಗಡಿ ಸೈಬೀರಿಯಾಕ್ಕಿಂತ ಮೇಲೆ, ಆರ್ಕ್ಟಿಕ್ ಸಮುದ್ರದಲ್ಲಿ ಕೂತಿತ್ತು! ಐದು ಬಿಲ್ ಇದ್ದ ಪಕ್ಕದ ಅಂಗಡಿ ಕಾಣಲೇ ಇಲ್ಲ, ಯಾಕೆಂದರೆ ಅದರ ಅಕ್ಷಾಂಶದ ಮೊತ್ತ 100 ಆಗಿತ್ತು, ಅಕ್ಷಾಂಶ 90 ದಾಟುವುದೇ ಇಲ್ಲ. ಅರ್ಧ ದಿನ ಹುಡುಕಿದ ಮೇಲೆ ಗೊತ್ತಾಯಿತು. ಆ ಎರಡು ಕಾಲಮ್‌ಗೂ ‘ಡೋಂಟ್ ಸಮರೈಸ್’ (ಕೂಡಿಸಬೇಡ) ಅಂತ ಇಟ್ಟೆ, ಎಲ್ಲಾ ತಂತಮ್ಮ ಜಾಗಕ್ಕೆ ಬಂದವು. ಎರಡು ಕಾಲಮ್ ಅದಲುಬದಲಾಗಿದೆಯಾ ಅಂತಲೂ ನೋಡಿ. ನಾವು ಬಾಯಲ್ಲಿ ಅಕ್ಷಾಂಶ ಮೊದಲು ಹೇಳುತ್ತೇವೆ, ಮ್ಯಾಪ್ ಡೇಟಾ ಇಡುವ ಜಿಯೋಜೇಸನ್ ಫೈಲ್‌ನಲ್ಲಿ ರೇಖಾಂಶ ಮೊದಲು ಬರುತ್ತದೆ. ಚುಕ್ಕಿಗಳೆಲ್ಲ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯಲ್ಲಿ ಗುಂಪಾಗಿದ್ದರೆ ಅದು 0, 0 ಇರುವ ಜಾಗ, ಖಾಲಿ ಸೆಲ್‌ಗಳು ಸೊನ್ನೆಯಾಗಿವೆ ಅಂತ ಅರ್ಥ.

ಅಂಚೆ ಕೋಡ್ ಬಳಸುತ್ತಿದ್ದರೆ ಅದು ಟೆಕ್ಸ್ಟ್ ಆಗಿರಲಿ. ಸಂಖ್ಯೆ ಮಾಡಿದರೆ ಬಾಸ್ಟನ್‌ನ 02108 ಬರೀ 2108 ಆಗಿಬಿಡುತ್ತದೆ.

ಕಾಣದ ಊರುಗಳ ವಿಷಯ ನನಗೆ ಜಾಸ್ತಿ ಮುಖ್ಯ ಅನ್ನಿಸುತ್ತದೆ. ಪವರ್ ಬಿಐನಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಟ್ಯಾಬ್ಲೋದಲ್ಲಿ ಗುರುತು ಸಿಗದ ಊರು ಎಷ್ಟು ಅಂತ ಮ್ಯಾಪ್‌ನ ಕೆಳಗೆ ಬಲಮೂಲೆಯಲ್ಲಿ ತೋರಿಸುತ್ತದೆ, ಅದರ ಮೇಲೆ ಒತ್ತಿ ಸರಿಮಾಡಬಹುದು. ಪವರ್ ಬಿಐನಲ್ಲಿ ನೀವೇ ಕಾಯಬೇಕು. ನಾನು ಮ್ಯಾಪ್‌ನ ಪಕ್ಕದಲ್ಲೇ ಅದೇ ಡೇಟಾದ ಟೇಬಲ್ ಒಂದನ್ನು ಇಡುತ್ತೇನೆ, ಸಾಲಿನ ಮೇಲೆ ಒತ್ತಿದರೆ ಮ್ಯಾಪ್‌ನಲ್ಲಿ ಆ ಊರಿನ ಗುಳ್ಳೆ (ಮೊತ್ತಕ್ಕೆ ತಕ್ಕ ಗಾತ್ರದ ವೃತ್ತ) ಎದ್ದು ಕಾಣಬೇಕು, ಕಾಣದಿದ್ದರೆ ಆ ಊರು ಬಿಟ್ಟುಹೋಗಿದೆ.

ಇನ್ನೊಂದು. ಪ್ರದೇಶಕ್ಕೆಲ್ಲ ಬಣ್ಣ ತುಂಬುವ ಮ್ಯಾಪ್‌ಗೆ ಒಟ್ಟು ಮಾರಾಟ ಹಾಕಬೇಡಿ, ಜನ ಜಾಸ್ತಿ ಇರುವ ಜಾಗವೇ ಸಾಮಾನ್ಯವಾಗಿ ಗಾಢವಾಗಿ ಕಾಣುತ್ತದೆ. ಸಾವಿರ ಜನಕ್ಕೆ ಎಷ್ಟು ಅಂತ ಲೆಕ್ಕ ಹಾಕಿ ಆ ಅಂಕಿ ಕೊಡಿ. ಒಟ್ಟು ಮೊತ್ತವೇ ಬೇಕೆಂದರೆ ಗುಳ್ಳೆ ಮ್ಯಾಪ್ ಸಾಕು. ಯಾವ ಊರು ಎಷ್ಟು ಮುಂದೆ ಅಂತ ಹೋಲಿಸಬೇಕಾದರೆ ಈಗಿರುವ ಬಾರ್ ಚಾರ್ಟ್ ತೆಗೆಯಬೇಡಿ, ಗುಳ್ಳೆಯ ಗಾತ್ರಕ್ಕಿಂತ ಪಟ್ಟಿಯ ಉದ್ದವನ್ನು ಕಣ್ಣು ಚೆನ್ನಾಗಿ ಅಳೆಯುತ್ತದೆ.